ಕರೆಂಟ್ ತಂತಿಯಲ್ಲಿ ಇಂಟರ್ನೆಟ್, ರೇಡಿಯೋದಲ್ಲಿ ಗದ್ದಲ: ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಟ್‌ವೇವ್ ಕೇಳುವವರು, ಹ್ಯಾಮ್ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋ) ಪರೀಕ್ಷೆಗೆ ಓದುತ್ತಿರುವವರು, ಮನೆಗೆ ಪವರ್‌ಲೈನ್ ಅಡಾಪ್ಟರ್ ತಂದ ಮೇಲೆ ರೇಡಿಯೋ ಕೆಟ್ಟುಹೋಯಿತು ಅನ್ನುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವನ್ನೇ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ಕಂಬದ ತಂತಿಯಲ್ಲಿ ಇಂಟರ್ನೆಟ್ ಹರಿಸಿ, ಅದರಿಂದ ಹೊರಬೀಳುವ ರೇಡಿಯೋ ಗದ್ದಲವನ್ನು ಅಳೆದು, ಅಳೆದ ರೀತಿ ಸರಿಯಿಲ್ಲ ಅಂತ ಕೋರ್ಟ್‌ವರೆಗೂ ಹೋಗಿದ್ದು ಅಲ್ಲೇ.

ಬಿಪಿಎಲ್ ಅಂದ್ರೆ ಏನು?

ರೇಷನ್ ಕಾರ್ಡ್ ಅಲ್ಲ, ಗಾಬರಿ ಬೇಡ. ಬ್ರಾಡ್‌ಬ್ಯಾಂಡ್ ಓವರ್ ಪವರ್ ಲೈನ್ಸ್. ಮನೆಗೆ ಕರೆಂಟ್ ತರುವ ತಂತಿಯಲ್ಲೇ ಇಂಟರ್ನೆಟ್ ಸಿಗ್ನಲ್ಲನ್ನೂ ಕಳಿಸುವುದು. ಕರೆಂಟ್ ಇರುವುದು 50 ಅಥವಾ 60 ಹರ್ಟ್ಸ್‌ನಲ್ಲಿ, ಡೇಟಾ ಹೋಗುವುದು ಕೆಲವು ಮೆಗಾಹರ್ಟ್ಸ್‌ನಿಂದ ಹಲವು ಹತ್ತು ಮೆಗಾಹರ್ಟ್ಸ್‌ವರೆಗೆ. ಎರಡರ ನಡುವೆ ಅಷ್ಟು ಅಂತರ ಇರುವುದರಿಂದ ಒಂದೇ ತಂತಿಯಲ್ಲಿ ಎರಡೂ ಹೋಗಬಹುದು, ಫಿಲ್ಟರ್ ಹಾಕಿ ಬೇರೆ ಮಾಡಬಹುದು.

ಇದರಲ್ಲಿ ಎರಡು ಜಾತಿ ಇದೆ. ಒಂದು, ಬೀದಿಯ ಕಂಬಗಳ ಮೇಲಿನ ತಂತಿಯಲ್ಲಿ ಊರಿಗೇ ಇಂಟರ್ನೆಟ್ ಹಂಚುವುದು. ಇನ್ನೊಂದು, ಮನೆಯೊಳಗಿನ ವೈರಿಂಗ್‌ನಲ್ಲಿ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಕಳಿಸುವುದು. ಮೊದಲನೆಯದು ಬಹುಪಾಲು ಸತ್ತುಹೋಗಿದೆ. ಎರಡನೆಯದು ಇವತ್ತಿಗೂ ಅಂಗಡಿಯಲ್ಲಿ ಜೋಡಿ ಅಡಾಪ್ಟರ್ ರೂಪದಲ್ಲಿ ಸಿಗುತ್ತದೆ.

ತಂತಿಯೊಳಗೆ ಹೋಗುವ ಸಿಗ್ನಲ್ ಹೊರಗೆ ಯಾಕೆ ಬರಬೇಕು?

ಟಿವಿ ಕೇಬಲ್ಲಿನ ಸುತ್ತ ಲೋಹದ ಜಾಲರಿ ಇರುತ್ತದೆ. ಟೆಲಿಫೋನ್ ತಂತಿ ಜೋಡಿಯಾಗಿ ಹೆಣೆದುಕೊಂಡಿರುತ್ತದೆ, ಒಂದು ತಂತಿ ಹೊರಸೂಸಿದ್ದನ್ನು ಪಕ್ಕದ್ದು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕರೆಂಟ್ ಕಂಬದ ತಂತಿಗೆ ಇವೆರಡೂ ಇಲ್ಲ. ಬರಿ ತಂತಿ, ಒಂದಕ್ಕೊಂದು ದೂರ, ನೆಲದಿಂದ ಎತ್ತರ, ಉದ್ದವಂತೂ ಕಿಲೋಮೀಟರ್‌ಗಟ್ಟಲೆ. ಶಾರ್ಟ್‌ವೇವ್‌ಗೆ ಆಂಟೆನಾ ಕಟ್ಟು ಅಂದ್ರೆ ಯಾರಾದರೂ ಹೆಚ್ಚುಕಡಿಮೆ ಹೀಗೇ ಕಟ್ಟುತ್ತಾರೆ.

ಅಮೆರಿಕದಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಒಂದು ಟ್ರಾನ್ಸ್‌ಫಾರ್ಮರ್‌ಗೆ ಬೆರಳೆಣಿಕೆಯ ಮನೆಗಳು. ನಮ್ಮಲ್ಲಿ ಒಂದು ಟಿಸಿಯಿಂದ ಇಡೀ ಬೀದಿಗೆ ಲೈನ್ ಎಳೆದಿರುತ್ತಾರಲ್ಲ, ಹಾಗಲ್ಲ. ಪ್ರತಿ ಟ್ರಾನ್ಸ್‌ಫಾರ್ಮರ್‌ವರೆಗೆ ಬೇರೆ ಕೇಬಲ್ ಎಳೆದರೆ ದುಬಾರಿ. ಹಾಗಾಗಿ ಸಾವಿರಾರು ವೋಲ್ಟ್‌ನ ಮೇಲಿನ ತಂತಿಗೇ ಸಿಗ್ನಲ್ ಕೊಟ್ಟು, ಟ್ರಾನ್ಸ್‌ಫಾರ್ಮರ್ ಬಂದಲ್ಲಿ ಅದನ್ನು ಪಕ್ಕದಿಂದ ದಾಟಿಸಿ ಮನೆಗೆ ಇಳಿಸುತ್ತಿದ್ದರು. ಅತಿ ಎತ್ತರದ, ಅತಿ ಉದ್ದದ ತಂತಿಯೇ ಆಂಟೆನಾ ಆದದ್ದು ಹೀಗೆ.

ಇದರಿಂದ ಯಾರಿಗೆ ತೊಂದರೆ?

2ರಿಂದ 30 ಮೆಗಾಹರ್ಟ್ಸ್ ಖಾಲಿ ಜಾಗ ಅಲ್ಲ. ಹ್ಯಾಮ್‌ಗಳು, ಶಾರ್ಟ್‌ವೇವ್ ಪ್ರಸಾರ, ಸಮುದ್ರ ದಾಟುವ ವಿಮಾನಗಳು, ಹಡಗುಗಳು, ಸೇನೆ ಎಲ್ಲರೂ ಅಲ್ಲಿದ್ದಾರೆ. ಈ ಪಟ್ಟಿಯ ಅಲೆಗಳು ಮೇಲಿನ ಅಯಾನುಮಂಡಲಕ್ಕೆ ತಗುಲಿ ಮರಳಿ ಬರುವುದರಿಂದ ಸಾವಿರಾರು ಕಿಲೋಮೀಟರ್ ದೂರದ ದನಿ ಕೇಳಿಸುತ್ತದೆ. ಅಷ್ಟು ದೂರದಿಂದ ಬರುವ ದನಿ ಬಡಕಲಾಗೇ ಇರುತ್ತದೆ. ಕಿಟಕಿ ಪಕ್ಕದ ತಂತಿ ಗಲಾಟೆ ಮಾಡಿದರೆ ಅದು ಮುಳುಗಿಹೋಗುತ್ತದೆ.

ಕಾನೂನಿನ ಮಿತಿ ಎಷ್ಟು?

ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2004ರ ಅಕ್ಟೋಬರ್‌ನಲ್ಲಿ ಬಿಪಿಎಲ್‌ಗೆ ಅಂತಲೇ ನಿಯಮ ಮಾಡಿತು. ಆದರೆ ಮಿತಿಯ ಅಂಕಿ ಹೊಸದಲ್ಲ, ಲೈಸೆನ್ಸ್ ಬೇಡದ ಸಾಧನಗಳಿಗೆ ಮೊದಲಿನಿಂದ ಇದ್ದದ್ದೇ. 1.705ರಿಂದ 30 ಮೆಗಾಹರ್ಟ್ಸ್‌ವರೆಗೆ, 30 ಮೀಟರ್ ದೂರದಲ್ಲಿ, ಗದ್ದಲದ ಕ್ಷೇತ್ರದ ಬಲ ಮೀಟರಿಗೆ 30 ಮೈಕ್ರೋವೋಲ್ಟ್. ಅದರ ಮೇಲೆ 80 ಮೆಗಾಹರ್ಟ್ಸ್‌ವರೆಗೆ ಮೇಲಿನ ತಂತಿಗೆ 10 ಮೀಟರ್‌ನಲ್ಲಿ 90, ಮನೆಗೆ ಬರುವ ಕೆಳಗಿನ ತಂತಿಗೆ 3 ಮೀಟರ್‌ನಲ್ಲಿ 100. ಜತೆಗೆ ಒಂದು ಸಾಲು ಇದೆ: ಮಿತಿಯೊಳಗೆ ಇದ್ದರೂ ಲೈಸೆನ್ಸ್ ಇರುವವರಿಗೆ ಹಾನಿಕರ ತೊಂದರೆ ಕೊಡುವಂತಿಲ್ಲ. ಜಗಳ ಎಲ್ಲ ಈ ಸಾಲಿನ ಸುತ್ತವೇ ನಡೆದದ್ದು.

30 ಮೈಕ್ರೋವೋಲ್ಟ್ ಅಂದ್ರೆ ತೀರಾ ಕಡಿಮೆ ಅಲ್ವಾ?

ಕೇಳಲು ಕಡಿಮೆ. ಲೆಕ್ಕ ಹಾಕಿ ನೋಡೋಣ, ಸುಮ್ನೆ ಹೇಳಿದರೆ ಯಾರೂ ನಂಬುವುದಿಲ್ಲ.

14 ಮೆಗಾಹರ್ಟ್ಸ್‌ಗೆ ಕಟ್ಟಿದ ಸಾಮಾನ್ಯ ಡೈಪೋಲ್ ಆಂಟೆನಾ (ನಡುವೆ ಕತ್ತರಿಸಿ ಎರಡು ತೋಳು ಮಾಡಿದ ತಂತಿ) ಕರೆಂಟ್ ತಂತಿಯಿಂದ 30 ಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. ಮಿತಿಯಷ್ಟೇ ಗದ್ದಲ ಬಂದರೆ ಆಂಟೆನಾದ ತುದಿಯಲ್ಲಿ ಸುಮಾರು 85 ಮೈಕ್ರೋವೋಲ್ಟ್ ಸಿಗುತ್ತದೆ. ಅದು ಅಳತೆ ಉಪಕರಣದ 9 ಕಿಲೋಹರ್ಟ್ಸ್ ಅಗಲಕ್ಕೆ. ಹ್ಯಾಮ್ ರೇಡಿಯೋ ಮಾತು ಕೇಳುವುದು ಸುಮಾರು 2.5 ಕಿಲೋಹರ್ಟ್ಸ್ ಅಗಲದಲ್ಲಿ, ಅದಕ್ಕೆ ಇಳಿಸಿದರೆ 45 ಮೈಕ್ರೋವೋಲ್ಟ್ ಹತ್ತಿರ. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ರೇಡಿಯೋದ ಎಸ್ ಮೀಟರ್‌ನಲ್ಲಿ 50 ಮೈಕ್ರೋವೋಲ್ಟ್ ಅಂದ್ರೆ ಎಸ್ 9. ಅಂದರೆ ಮುಳ್ಳು ಹೆಚ್ಚುಕಡಿಮೆ ಎಸ್ 9ರ ಮೇಲೇ ನಿಂತುಬಿಡುತ್ತದೆ.

ಸದ್ದಿಲ್ಲದ ಹಳ್ಳಿಯಲ್ಲಿ ಅದೇ ಬ್ಯಾಂಡಿನ ಸಹಜ ಗದ್ದಲ ಎಸ್ 1 ಅಥವಾ 2. ಊರಿನ ಮನೆಗಳ ನಡುವೆ 4ರ ಆಸುಪಾಸು. ಎಸ್ ಮೀಟರ್‌ನ ಒಂದೊಂದು ಹೆಜ್ಜೆ 6 ಡೆಸಿಬಲ್. ಹಳ್ಳಿಯವನ ಲೆಕ್ಕದಲ್ಲಿ ಇದು 40 ಡೆಸಿಬಲ್ ಏರಿಕೆ, ಶಕ್ತಿಯಲ್ಲಿ ಹತ್ತು ಸಾವಿರ ಪಟ್ಟು. ಪರೀಕ್ಷೆಯಲ್ಲಿ ಪಾಸಾದ ಬಿಪಿಎಲ್ ಇದು, ನೆನಪಿರಲಿ! ಫೇಲಾದದ್ದಲ್ಲ. "ನಮ್ಮದು ಮಿತಿಯೊಳಗೇ ಇದೆ" ಅಂತ ಕಂಪನಿ ಹೇಳಿದ್ದೂ ನಿಜ, "ನನಗೆ ಏನೂ ಕೇಳಿಸುತ್ತಿಲ್ಲ" ಅಂತ ಹ್ಯಾಮ್ ಹೇಳಿದ್ದೂ ನಿಜ.

ಲ್ಯಾಬ್‌ನಲ್ಲೇ ಅಳೆದು ಮುಗಿಸಬಹುದಲ್ವಾ?

ಆಗುವುದಿಲ್ಲ. ಫೋನ್ ಚಾರ್ಜರ್ ಆದರೆ ಮೇಜಿನ ಮೇಲಿಟ್ಟು ಅಳೆಯಬಹುದು. ಬಿಪಿಎಲ್‌ನಲ್ಲಿ ಡಬ್ಬಿ ಹೊರಸೂಸುವುದಿಲ್ಲ, ಊರಿನ ತಂತಿ ಹೊರಸೂಸುತ್ತದೆ. ತಂತಿಯನ್ನು ಲ್ಯಾಬ್‌ಗೆ ತರಲು ಆಗುತ್ತದೆಯೇ? ಅದಕ್ಕೇ ಎಫ್‌ಸಿಸಿ ನಿಯಮದಲ್ಲಿ ಇದ್ದಲ್ಲೇ ಹೋಗಿ ಅಳೆಯಬೇಕು: ಕಂಬದ ಮೇಲಿನ ಲೈನ್ ಇರುವ 3 ಜಾಗ, ನೆಲದಡಿಯ ಕೇಬಲ್ ಇರುವ 3 ಜಾಗ. ಆ ಜಾಗಗಳನ್ನು ಆರಿಸುವುದು ಕಂಪನಿಯೇ. ಅದು ನನಗೆ ಅಷ್ಟು ಸರಿ ಅನ್ನಿಸುವುದಿಲ್ಲ, ಆದರೆ ಊರಿನ ಎಲ್ಲ ಕಂಬ ಅಳೆಯಿರಿ ಅನ್ನಲೂ ಆಗದು.

ಏನೇನು ಸಾಮಾನು ಬೇಕು?

30 ಮೆಗಾಹರ್ಟ್ಸ್ ಕೆಳಗೆ ಬಳೆಯಂತೆ ದುಂಡಗಿರುವ ಲೂಪ್ ಆಂಟೆನಾ, ಸ್ಟ್ಯಾಂಡಿನ ಮೇಲೆ, ನೆಲದಿಂದ 1 ಮೀಟರ್ ಎತ್ತರಕ್ಕೆ. ಲೂಪ್ ಹಿಡಿಯುವುದು ಕಾಂತಕ್ಷೇತ್ರವನ್ನು. ಮಿತಿ ಇರುವುದು ವಿದ್ಯುತ್ ಕ್ಷೇತ್ರದ ಲೆಕ್ಕದಲ್ಲಿ, ಹಾಗಾಗಿ 377 ಓಮ್‌ನಿಂದ ಗುಣಿಸುತ್ತಾರೆ, ಡೆಸಿಬಲ್‌ನಲ್ಲಾದರೆ 51.5 ಕೂಡಿಸುತ್ತಾರೆ. ಈ 377 ಸರಿಬರುವುದು ತಂತಿಯಿಂದ ಸಾಕಷ್ಟು ದೂರ ಇದ್ದಾಗ. ತೀರಾ ಹತ್ತಿರದಲ್ಲಿ ಎರಡು ಕ್ಷೇತ್ರಗಳ ಅನುಪಾತ ಬೇರೆಯೇ ಇರಬಹುದು. ಆದರೂ ಎಲ್ಲರೂ ಒಂದೇ ತರ ಮಾಡಬೇಕಲ್ಲ ಅಂತ ಅದನ್ನೇ ಇಟ್ಟುಕೊಂಡಿದ್ದಾರೆ.

ರಿಸೀವರ್‌ನಲ್ಲಿ ಕ್ವಾಸಿ-ಪೀಕ್ ಡಿಟೆಕ್ಟರ್ ಇರಬೇಕು. ಇದು ಸರಾಸರಿಯೂ ಅಲ್ಲ, ಒಂದೇ ಏಟಿನ ತುದಿಯೂ ಅಲ್ಲ. ಆಗೊಮ್ಮೆ ಈಗೊಮ್ಮೆ ಬರುವ ಟಿಕ್‌ಗೆ ಕಡಿಮೆ ಅಂಕ, ಒಂದೇ ಸಮ ಬರುವ ಟಿಕ್‌ಗೆ ಜಾಸ್ತಿ ಅಂಕ ಕೊಡುತ್ತದೆ. ಕಿವಿಗೆ ಎಷ್ಟು ಕಿರಿಕಿರಿ ಅನ್ನುವುದಕ್ಕೆ ಹತ್ತಿರ ಇರಲಿ ಅಂತ ಮಾಡಿದ್ದು. ಅಗಲ 30 ಮೆಗಾಹರ್ಟ್ಸ್‌ವರೆಗೆ 9 ಕಿಲೋಹರ್ಟ್ಸ್, ಆಮೇಲೆ 120. ಮೊದಲು ಬರೀ ಪೀಕ್‌ನಲ್ಲಿ ಬೇಗ ಬೇಗ ಓಡಿಸಿ, ಅದರಲ್ಲೇ ಮಿತಿಯೊಳಗಿದ್ದರೆ ಕ್ವಾಸಿ-ಪೀಕ್ ಮಾಡುವ ಗೋಜೇ ಇಲ್ಲ.

ಕಂಬದ ಹತ್ತಿರ ಹೋಗಿ ಏನು ಮಾಡುತ್ತಾರೆ?

ಬಿಪಿಎಲ್ ಡಬ್ಬಿಯನ್ನು ಪೂರ್ತಿ ಪವರ್‌ನಲ್ಲಿ, ಡೇಟಾ ತುಂಬ ಹರಿಯುವ ಸ್ಥಿತಿಯಲ್ಲಿ ಇಡಬೇಕು. ಆರಾಮಾಗಿ ಕೂತಿರುವ ಡಬ್ಬಿಯನ್ನು ಅಳೆದು ಸರ್ಟಿಫಿಕೇಟ್ ತಗೊಳ್ಳುವಂತಿಲ್ಲ. ಲೈನ್‌ನ ಪಕ್ಕಕ್ಕೆ ಸಾಮಾನ್ಯವಾಗಿ 10 ಮೀಟರ್ ಸರಿದು ನಿಲ್ಲಬೇಕು. ಸಿಗ್ನಲ್ ಕೊಡುವ ಕಂಬದ ಎದುರು ಒಂದು ಅಳತೆ. ಆಮೇಲೆ ಲೈನ್ ಉದ್ದಕ್ಕೂ ನಡೆದು ಕಾಲು, ಅರ್ಧ, ಮುಕ್ಕಾಲು ಮತ್ತು ಒಂದು ತರಂಗದೂರದಲ್ಲಿ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಒಂದೊಂದು. ಬಿಪಿಎಲ್ ಬಳಸುವ ಪಟ್ಟಿಯ ಮಧ್ಯದ ಫ್ರೀಕ್ವೆನ್ಸಿ 6 ಮೆಗಾಹರ್ಟ್ಸ್ ಆದರೆ ತರಂಗದೂರ 50 ಮೀಟರ್, ನಿಲ್ಲಬೇಕಾದ ಜಾಗಗಳು ಸೊನ್ನೆ, ಹನ್ನೆರಡೂವರೆ, ಇಪ್ಪತ್ತೈದು, ಮೂವತ್ತೇಳೂವರೆ, ಐವತ್ತು. ಪ್ರತಿ ಜಾಗದಲ್ಲೂ ಲೂಪನ್ನು ನಿಧಾನಕ್ಕೆ ತಿರುಗಿಸಿ ಅತಿ ಹೆಚ್ಚು ಬಂದ ಅಂಕಿ ಬರೆದುಕೊಳ್ಳಬೇಕು.

ಇಷ್ಟು ನಡೆದಾಡುವುದು ಯಾಕೆ? ತಂತಿಯ ಮೇಲೆ ಸಿಗ್ನಲ್ ಒಂದೇ ಸಮ ಇರುವುದಿಲ್ಲ. ಕಂಬದ ತಿರುವು, ಟ್ರಾನ್ಸ್‌ಫಾರ್ಮರ್, ಲೈನ್ ಕವಲೊಡೆಯುವ ಜಾಗ, ಎಲ್ಲೆಡೆ ತಗುಲಿ ಸ್ವಲ್ಪ ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ತಗ್ಗಿನಲ್ಲಿ ನಿಂತು ಅಳೆದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ನೆಲದಡಿಯ ಕೇಬಲ್ ಆದರೆ ನೆಲದ ಮೇಲೆ ಕೂತ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಸುತ್ತ 16 ದಿಕ್ಕಿನಿಂದ ಅಳೆಯುತ್ತಾರೆ.

ಎತ್ತರದ ಪ್ರಶ್ನೆಯೂ ಇದೆ. ಅಮೆರಿಕದ ಸರಕಾರಿ ರೇಡಿಯೋಗಳನ್ನು ನೋಡಿಕೊಳ್ಳುವ ಎನ್‌ಟಿಐಎ 2004ರಲ್ಲಿ ಬಿಪಿಎಲ್ ಇದ್ದ ಊರುಗಳಿಗೆ ಹೋಗಿ ಅಳೆದು ದೊಡ್ಡ ವರದಿ ಕೊಟ್ಟಿತು. ಆಂಟೆನಾ ಮೇಲೇರಿಸಿದಂತೆ ಕ್ಷೇತ್ರ ಜಾಸ್ತಿಯಾಗುವುದು ಅದರಲ್ಲಿ ಕಂಡಿತು. ತಂತಿ ಮೇಲಿದೆ, ಹ್ಯಾಮ್ ಆಂಟೆನಾ ಛಾವಣಿ ಮೇಲಿದೆ, ಲೂಪ್ ಮಾತ್ರ ಸೊಂಟದ ಎತ್ತರದಲ್ಲಿದೆ.

"40 ಡೆಸಿಬಲ್ ಜಗಳ" ಅಂತಾರಲ್ಲ, ಅದೇನು?

ಇಡೀ ವಿಷಯದಲ್ಲಿ ತಿಳಿದುಕೊಳ್ಳಲೇಬೇಕಾದದ್ದು ಇದು, ಸ್ವಲ್ಪ ತಾಳ್ಮೆಯಿಂದ ಓದಿ.

ಮಿತಿ ಇರುವುದು 30 ಮೀಟರ್‌ಗೆ. ಆದರೆ ಊರಿನಲ್ಲಿ ಲೈನ್‌ನಿಂದ 30 ಮೀಟರ್ ಸರಿದರೆ ಯಾರದೋ ಮನೆಯೊಳಗೆ ಇರುತ್ತೀರಿ. ಅಷ್ಟು ದೂರದಲ್ಲಿ ಬಿಪಿಎಲ್ ಬೇರೆ ಗದ್ದಲದಲ್ಲಿ ಕಲೆತುಹೋಗಲೂಬಹುದು. ಆದ್ದರಿಂದ ಹತ್ತಿರದಲ್ಲಿ ಅಳೆದು 30 ಮೀಟರ್‌ಗೆ ಲೆಕ್ಕ ಕಟ್ಟುತ್ತಾರೆ. ಹಾಗೆ ಕಟ್ಟುವಾಗ ದೂರ ಹತ್ತು ಪಟ್ಟಾದರೆ ಗದ್ದಲ ಎಷ್ಟು ಇಳಿಯುತ್ತದೆ ಅಂತ ಊಹಿಸಬೇಕು. ಎಫ್‌ಸಿಸಿ ಹೇಳಿದ್ದು 40 ಡೆಸಿಬಲ್. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ಹೇಳಿದ್ದು, ಅಷ್ಟು ಇಳಿಯುವುದಿಲ್ಲ, 20ರ ಹತ್ತಿರ ಅಂತ.

ಅಂಕಿ ಹಾಕಿ ನೋಡಿ. ತಂತಿ 11 ಮೀಟರ್ ಎತ್ತರ, ಲೂಪ್ 1 ಮೀಟರ್, ಪಕ್ಕಕ್ಕೆ 10 ಮೀಟರ್. ತಂತಿಯಿಂದ ಲೂಪ್‌ಗೆ ಓರೆಯಾಗಿ ಸುಮಾರು 14 ಮೀಟರ್. 40ರ ಲೆಕ್ಕದಲ್ಲಿ ಅಲ್ಲಿ ಮೀಟರಿಗೆ 135 ಮೈಕ್ರೋವೋಲ್ಟ್ ಬಂದರೂ ಪಾಸ್. 20ರ ಲೆಕ್ಕದಲ್ಲಿ 64 ದಾಟಿದರೆ ಫೇಲ್. ಅದೇ ಕಂಬ, ಅದೇ ಲೂಪ್, ಅದೇ ಮಧ್ಯಾಹ್ನ. ಮೀಟರ್ 100 ತೋರಿಸಿದರೆ ಒಬ್ಬರಿಗೆ ಪಾಸ್, ಇನ್ನೊಬ್ಬರಿಗೆ ಫೇಲ್.

40 ಸರಿಹೊಂದುವುದು ತರಂಗದೂರಕ್ಕಿಂತ ತೀರಾ ಚಿಕ್ಕ ವಸ್ತುವಿನ ಹತ್ತಿರ. ಕಿಲೋಮೀಟರ್ ಉದ್ದದ ತಂತಿಯ ಪಕ್ಕ ನೀವು ಹತ್ತು ಮೀಟರ್ ಹಿಂದೆ ಸರಿದರೂ ತಂತಿಯ ಇನ್ನಷ್ಟು ಭಾಗ ನಿಮಗೆ ಎದುರಾಗುತ್ತದೆ, ಹಾಗಾಗಿ ಅಷ್ಟು ಬೇಗ ಇಳಿಯುವುದಿಲ್ಲ. ಎಆರ್‌ಆರ್‌ಎಲ್ ಮೊಕದ್ದಮೆ ಹೂಡಿತು. 2008ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಡಿಸಿಯ ಮೇಲ್ಮನವಿ ನ್ಯಾಯಾಲಯ ಎರಡು ವಿಷಯದಲ್ಲಿ ಎಫ್‌ಸಿಸಿಯನ್ನು ಹಿಡಿಯಿತು. ಒಂದು, ತಾನೇ ಆಧಾರ ಮಾಡಿಕೊಂಡ ತನ್ನ ಸಿಬ್ಬಂದಿಯ ಅಧ್ಯಯನಗಳಲ್ಲಿ ಕೆಲವು ಭಾಗ ಮುಚ್ಚಿಟ್ಟು ಉಳಿದದ್ದು ಮಾತ್ರ ಹೊರಗೆ ಬಿಟ್ಟಿತ್ತು. ಎರಡು, 40 ಯಾಕೆ ಅಂತ ಸರಿಯಾಗಿ ಕಾರಣ ಕೊಟ್ಟಿರಲಿಲ್ಲ. ಪರೀಕ್ಷೆ ಮಾಡುವವರೇ ಹಾಳೆ ಮುಚ್ಚಿಟ್ಟರೆ ಯಾರಿಗೆ ತಾನೇ ನಂಬಿಕೆ ಬರುತ್ತದೆ? 2011ರಲ್ಲಿ ಎಫ್‌ಸಿಸಿ ಮತ್ತೆ ಆದೇಶ ಮಾಡಿ 40ನ್ನು ಉಳಿಸಿಕೊಂಡಿತು, ಆದರೆ ಬೇಕಾದವರು ಆಯಾ ಜಾಗದಲ್ಲೇ ಅಳೆದು ಬಂದ ಇಳಿಕೆಯನ್ನು ಬಳಸಬಹುದು ಅಂದಿತು.

ನಾಚ್ ಅಂದ್ರೆ? ಅದರಿಂದ ಉಪಯೋಗ ಇದೆಯೇ?

ಇದೆ, ನಿಜವಾಗಿ ಕೆಲಸ ಮಾಡಿದ್ದು ಇದೊಂದೇ. ಬಿಪಿಎಲ್ ಡೇಟಾವನ್ನು ಬೇರೆ ಬೇರೆ ಫ್ರೀಕ್ವೆನ್ಸಿಯ ನೂರಾರು ಸಣ್ಣ ಅಲೆಗಳಿಗೆ, ಅಂದರೆ ಕ್ಯಾರಿಯರ್‌ಗಳಿಗೆ, ಹಂಚುತ್ತದೆ. ಮನೆಯೊಳಗಿನ ಅಡಾಪ್ಟರ್‌ಗಳ ಹೋಮ್‌ಪ್ಲಗ್ ಎವಿ ಮಾದರಿಯಲ್ಲಿ ಹ್ಯಾಮ್ ಬ್ಯಾಂಡ್‌ನವು ಬಿಟ್ಟು 917 ಇವೆ. ಹ್ಯಾಮ್ ಬ್ಯಾಂಡ್‌ಗಳ ಮೇಲೆ ಬೀಳುವ ಕ್ಯಾರಿಯರ್‌ಗಳನ್ನು ಬಂದ್ ಮಾಡಿಬಿಟ್ಟರೆ ಅಲ್ಲಿ ಒಂದು ಹಳ್ಳ ಬೀಳುತ್ತದೆ, ಅದೇ ನಾಚ್. ಹೋಮ್‌ಪ್ಲಗ್‌ನಲ್ಲಿ ಆಳ ಸುಮಾರು 30 ಡೆಸಿಬಲ್. ಮೇಲೆ ಲೆಕ್ಕ ಹಾಕಿದ ಎಸ್ 9 ಗದ್ದಲ 30 ಡೆಸಿಬಲ್ ಇಳಿದರೆ ಎಸ್ 4, ಊರಿನ ಸಹಜ ಗದ್ದಲದಷ್ಟೇ. ಹಳ್ಳಿಯವನಿಗೆ ಅದೂ ಜಾಸ್ತಿಯೇ, ಆದರೂ ಬದುಕಬಹುದು. ಎಫ್‌ಸಿಸಿ 2004ರಲ್ಲಿ ಕೇಳಿದ್ದು 20 ಡೆಸಿಬಲ್ ಇಳಿಸುವ ಸಾಮರ್ಥ್ಯ, 2011ರಲ್ಲಿ ಅದನ್ನು 25 ಮಾಡಿತು.

ಎಆರ್‌ಆರ್‌ಎಲ್ ಬಿಪಿಎಲ್ ಅಂದ ಕೂಡಲೇ ಉರಿದುಬೀಳುತ್ತಿತ್ತು ಅನ್ನುವವರಿದ್ದಾರೆ. ಪೂರ್ತಿ ಹಾಗಲ್ಲ. ಮೋಟೊರೋಲಾ ಮೇಲಿನ ತಂತಿಯನ್ನು ಬಿಟ್ಟು, ಟ್ರಾನ್ಸ್‌ಫಾರ್ಮರ್‌ನಿಂದ ಮನೆಗೆ ಬರುವ ತಂತಿಯಲ್ಲಿ ಮಾತ್ರ ಸಿಗ್ನಲ್ ಕೊಡುವ, ಹ್ಯಾಮ್ ಬ್ಯಾಂಡ್‌ಗಳಿಗೆ ನಾಚ್ ಇರುವ ವ್ಯವಸ್ಥೆ ಮಾಡಿದಾಗ, ಎಆರ್‌ಆರ್‌ಎಲ್ ಅದನ್ನು ಕನೆಕ್ಟಿಕಟ್‌ನ ನ್ಯೂಯಿಂಗ್ಟನ್‌ನ ತನ್ನ ಕಚೇರಿಯಲ್ಲೇ ಹಾಕಿಸಿಕೊಂಡು ಪರೀಕ್ಷಿಸಿತು. ಅವರ ಲ್ಯಾಬ್ ಮುಖ್ಯಸ್ಥರಾಗಿದ್ದ ಎಡ್ ಹೇರ್ ಕಾರಿನಲ್ಲಿ ರೇಡಿಯೋ ಇಟ್ಟುಕೊಂಡು ಬಿಪಿಎಲ್ ಇದ್ದ ಊರೂರು ಸುತ್ತಿ ಅಳೆದವರು.

ಶಾರ್ಟ್‌ವೇವ್ ಕೇಳುಗರಿಗೆ ಮಾತ್ರ ಈ ಭಾಗ್ಯ ಇಲ್ಲ. ಹೋಮ್‌ಪ್ಲಗ್‌ನ ಮೂಲ ನಾಚ್‌ಗಳು ಹ್ಯಾಮ್ ಬ್ಯಾಂಡ್‌ಗಷ್ಟೇ, ಪ್ರಸಾರದ ಬ್ಯಾಂಡ್‌ಗಳಿಗಲ್ಲ. ಯುರೋಪ್ 2013ರಲ್ಲಿ ತಂದ ಇಎನ್ 50561-1 ಮಾನದಂಡ ಪ್ರಸಾರದ ಬ್ಯಾಂಡ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಕೇಳಿಸುತ್ತಿರುವುದು ಬಿಪಿಎಲ್ಲೋ ಬೇರೇನೋ, ಗೊತ್ತಾಗುವುದು ಹೇಗೆ?

ಆರಿಸಿ, ಹಚ್ಚಿ ನೋಡುವುದೇ ದಾರಿ. ಊರಿನ ಬಿಪಿಎಲ್ ಆದರೆ ಅದನ್ನು ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ಅಳೆಯಬೇಕು. ಆರಿಸಿದಾಗಿನ ಅಂಕಿ ಇಲ್ಲದ ವರದಿ ಯಾರೇ ಕೊಟ್ಟರೂ, ಕಂಪನಿಯದಾಗಲಿ ಹ್ಯಾಮ್‌ನದಾಗಲಿ, ನಾನಂತೂ ಪಕ್ಕಕ್ಕಿಡುತ್ತೇನೆ. ಸಡಿಲ ಇನ್ಸುಲೇಟರ್‌ನ ಗದ್ದಲ ಕರೆಂಟ್‌ನ ತಾಳಕ್ಕೆ ಗರ್ ಅನ್ನುತ್ತದೆ, ಮಳೆ ಬಂದರೆ ಬದಲಾಗುತ್ತದೆ. ಎಲ್‌ಇಡಿ ಬಲ್ಬಿನದು ನಿಗದಿತ ಅಂತರಕ್ಕೊಂದು ಗುಡ್ಡೆ. ಬಿಪಿಎಲ್ ಟಿಕ್ ಟಿಕ್ ಅಂತಲೋ ಒರಟಾಗಿ ಉಜ್ಜಿದಂತೆಯೋ ಕೇಳುತ್ತದೆ, ಡೇಟಾ ಹೆಚ್ಚಿದಂತೆ ದಟ್ಟವಾಗುತ್ತದೆ, ಮೆಗಾಹರ್ಟ್ಸ್‌ಗಟ್ಟಲೆ ಉದ್ದಕ್ಕೂ ಹಾಸಿರುತ್ತದೆ.

ಊರಿಗೇ ಹಂಚಿದ ಬಿಪಿಎಲ್ ಏನಾಯಿತು?

ವರ್ಜೀನಿಯಾದ ಮನಾಸಸ್ ಊರು 2005ರಲ್ಲಿ ಊರಿಡೀ ಬಿಪಿಎಲ್ ಕೊಟ್ಟ ಅಮೆರಿಕದ ಮೊದಲ ಊರು ಅಂತ ಹೆಸರು ಮಾಡಿತು. ಅಲ್ಲಿಯ ಹ್ಯಾಮ್‌ಗಳು ದೂರಿನ ಮೇಲೆ ದೂರು ಕೊಟ್ಟರು. 2010ರಲ್ಲಿ ಊರಿನ ಕೌನ್ಸಿಲ್ ನಿಲ್ಲಿಸಲು ತೀರ್ಮಾನಿಸಿತು, ಜುಲೈ ಹೊತ್ತಿಗೆ ಬಂದ್. ನೆಲ ಕಚ್ಚಿಸಿದ್ದು ಮುಖ್ಯವಾಗಿ ಹಣದ ಲೆಕ್ಕ: ಗಿರಾಕಿಗಳು ಸಾಲಲಿಲ್ಲ, ಕೇಬಲ್ ಮತ್ತು ಫೋನ್ ತಂತಿಯ ಡಿಎಸ್‌ಎಲ್ ಇಂಟರ್ನೆಟ್ ವೇಗವಾಗಿದ್ದವು. ಹ್ಯಾಮ್‌ಗಳೇ ಮುಚ್ಚಿಸಿದರು ಅನ್ನುವುದು ಉತ್ಪ್ರೇಕ್ಷೆ. ಹಳ್ಳಿಗಳಿಗೆ ಬಿಪಿಎಲ್ ಕೊಡುತ್ತಿದ್ದ ಐಬೆಕ್ ಕಂಪನಿಯೂ 2012ರಲ್ಲಿ ಬಾಗಿಲು ಹಾಕಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಾರ್ಟೆಲ್ ಮತ್ತು ನಾರ್ವೆಬ್ ಇದಕ್ಕೂ ಮುಂಚೆ, 1997ರಲ್ಲೇ, ಶುರುಮಾಡಿ 1999ರಲ್ಲಿ ಕೈಬಿಟ್ಟಿದ್ದವು. ಅಲ್ಲಿ ಬೀದಿದೀಪದ ಕಂಬಗಳೇ ಆಂಟೆನಾ ಆಗಿದ್ದವು. ಜಪಾನ್ 2006ರಲ್ಲಿ ಮನೆಯೊಳಗೆ ಮಾತ್ರ ಒಪ್ಪಿತು.

ಈ ಹೊರಸೂಸುವಿಕೆ ಆರೋಗ್ಯಕ್ಕೆ ಕೆಟ್ಟದ್ದೇ?

ಇಲ್ಲ. ಜನಸಾಮಾನ್ಯರಿಗೆ ಅಂತ ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 1998ರಲ್ಲಿ ಹಾಕಿದ ಮಿತಿ 10 ಮೆಗಾಹರ್ಟ್ಸ್‌ನ ಮೇಲೆ ಮೀಟರಿಗೆ 28 ವೋಲ್ಟ್. 30 ಮೈಕ್ರೋವೋಲ್ಟ್ ಅದರ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ತೊಂದರೆ ರೇಡಿಯೋಗೆ, ಮೈಗಲ್ಲ.

ಸ್ಮಾರ್ಟ್ ಮೀಟರ್ ಕೂಡ ಇದೇನಾ?

ಕರೆಂಟ್ ತಂತಿಯಲ್ಲೇ ಮಾತಾಡುವ ಮೀಟರ್‌ಗಳು ಇವೆ, ಆದರೆ ಅವುಗಳಲ್ಲಿ ಹೆಚ್ಚಿನವು 500 ಕಿಲೋಹರ್ಟ್ಸ್ ಕೆಳಗೆ, ನಿಧಾನ ವೇಗದಲ್ಲಿ. ಶಾರ್ಟ್‌ವೇವ್‌ಗೆ ಅವುಗಳ ಡೇಟಾ ತಗುಲುವುದಿಲ್ಲ.

ಬೆಂಗಳೂರಿನ ಫ್ಲಾಟ್‌ನಲ್ಲಿ ಪವರ್‌ಲೈನ್ ಅಡಾಪ್ಟರ್ ಇದೆ. ನಾನೇ ಪರೀಕ್ಷೆ ಮಾಡಬಹುದೇ?

ಮಾಡಬಹುದು. ಮೀಟರಿಗೆ ಎಷ್ಟು ಮೈಕ್ರೋವೋಲ್ಟ್ ಅಂತ ಹೇಳಲು ಆಗದು, ಅದಕ್ಕೆ ಕ್ಯಾಲಿಬ್ರೇಟ್ ಮಾಡಿದ ಲೂಪ್ ಬೇಕು. ಆದರೆ ಗದ್ದಲ ಅದರದ್ದೇ ಹೌದೋ ಅಲ್ಲವೋ ಅಂತ ಪಕ್ಕಾ ಹೇಳಬಹುದು.

ಬ್ಯಾಟರಿ ರೇಡಿಯೋ ತಗೊಳ್ಳಿ. 6 ಅಥವಾ 9.5 ಮೆಗಾಹರ್ಟ್ಸ್ ಸುತ್ತ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಗೋಡೆಯ ಹತ್ತಿರ ಹಿಡಿಯಿರಿ. ಮೊದಲು ಎರಡೂ ಅಡಾಪ್ಟರ್‌ಗಳನ್ನು ಪ್ಲಗ್‌ನಿಂದಲೇ ಕಿತ್ತು ಕೇಳಿ. ರೌಟರ್ ಮಾತ್ರ ಆರಿಸಿದರೆ ಸಾಲದು, ಡೇಟಾ ಇಲ್ಲದಿದ್ದರೂ ಅಡಾಪ್ಟರ್‌ಗಳು ಒಂದನ್ನೊಂದು ಕೂಗುತ್ತಲೇ ಇರುತ್ತವೆ. ಆಮೇಲೆ ಹಾಕಿ ಕೇಳಿ. ಆಮೇಲೆ ದೊಡ್ಡ ಫೈಲ್ ಒಂದನ್ನು ಇಳಿಸಿಕೊಳ್ಳುತ್ತಾ ಕೇಳಿ. ಟಿಕ್ ಟಿಕ್ ಇದ್ದದ್ದು ಒಂದೇ ಸಮ ಗರಗರ ಆದರೆ ಕಳ್ಳ ಸಿಕ್ಕಿದ.

ಅಡಾಪ್ಟರ್ ಕಿತ್ತ ಮೇಲೂ ಗದ್ದಲ ಇದೆಯೇ? ಮೇನ್ ಎಂಸಿಬಿ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಅದನ್ನು ಮರೆತು ಮೋಸಹೋಗುವವರು ಬಹಳ. ಆಗಲೂ ಇದ್ದರೆ ಪಕ್ಕದ ಮನೆಯದ್ದು. ಮೀಟರ್ ಬೋರ್ಡ್ ಒಂದೇ ಕಡೆ ಇರುವ ಅಪಾರ್ಟ್‌ಮೆಂಟ್‌ನಲ್ಲಿ ಸಿಗ್ನಲ್ ಗೋಡೆ ದಾಟುವುದು ಏನೂ ದೊಡ್ಡ ವಿಷಯವಲ್ಲ.

ಶಾರ್ಟ್‌ವೇವ್ ಹಿಡಿಯುವ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೋ) ಇದ್ದರೆ ಇನ್ನೂ ಚೆನ್ನ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ, ಚಾರ್ಜರ್ ತೆಗೆದುಬಿಡಿ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಅಂತ ತೋರಿಸುವ ಚಿತ್ರ ಪರದೆಯ ಮೇಲೆ ಜಲಪಾತದಂತೆ ಇಳಿಯುತ್ತಿರುತ್ತದೆ. ಅಡಾಪ್ಟರ್ ಹಾಕಿದ ತಕ್ಷಣ ಉದ್ದಕ್ಕೂ ಹಳದಿ ಮುಸುಕು ಬಂದು, 7.0ಯಿಂದ 7.3 ಮೆಗಾಹರ್ಟ್ಸ್‌ವರೆಗೆ ಮಾತ್ರ ಕತ್ತರಿಸಿಟ್ಟಂತೆ ಕಪ್ಪು ಪಟ್ಟಿ ಉಳಿಯುತ್ತದೆ. 14.0ಯಿಂದ 14.35ರಲ್ಲಿ ಇನ್ನೊಂದು. ಅಂಚು ಎಷ್ಟು ನೇರ ಅಂದ್ರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಈ ಕಪ್ಪು ಪಟ್ಟಿಗಳೇ ಅಡಾಪ್ಟರ್‌ನ ಸಹಿ, ಬಲ್ಬು ಚಾರ್ಜರ್‌ಗಳಿಗೆ ಹ್ಯಾಮ್ ಬ್ಯಾಂಡ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಪಕ್ಕದ ಮನೆಯವರ ಹತ್ತಿರ ಹೋಗುವ ಮೊದಲು ಆ ಪರದೆಯ ಎರಡು ಚಿತ್ರ ತೆಗೆದಿಟ್ಟುಕೊಳ್ಳಿ, ಸಮಯ ಮತ್ತು ಫ್ರೀಕ್ವೆನ್ಸಿ ಕಾಣುವಂತೆ. "ನಿಮ್ಮ ಇಂಟರ್ನೆಟ್‌ನಿಂದ ನನಗೆ ತೊಂದರೆ" ಅಂತ ಬಾಗಿಲಲ್ಲೇ ಶುರುಮಾಡಬೇಡಿ. ಒಂದು ನಿಮಿಷ ಅಡಾಪ್ಟರ್ ತೆಗೆದು ಹಾಕುತ್ತೀರಾ ಅಂತ ಕೇಳಿ, ರೇಡಿಯೋ ಅವರ ಕೈಗೇ ಕೊಡಿ. ಹೆಚ್ಚಿನವರು ವೈಫೈ ಸರಿಯಾಗಿ ಬರುವುದಿಲ್ಲ ಅಂತ ಅಡಾಪ್ಟರ್ ಹಾಕಿರುತ್ತಾರೆ. ಹಾಲ್‌ನಿಂದ ರೂಮಿಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿದರೆ ಅವರಿಗೂ ವೇಗ ಜಾಸ್ತಿ ಸಿಗುತ್ತದೆ. ಕೇಬಲ್ ಖರ್ಚು ನಾನೇ ಕೊಡುತ್ತೇನೆ ಅಂದರೆ ಅರ್ಧ ಕೆಲಸ ಆದ ಹಾಗೆ.